ನಾನೂರ ಹದಿನೇಳು

ಊದುವವರ ಹೆಸರು ಸಂಬಳದ ಪುಸ್ತಕದಲ್ಲಿದೆ,
ಮಾಲೀಕರದ್ದು ಬೋರ್ಡಿನಲ್ಲಿ.
ನಾನು ಸುತ್ತಿ ಕಟ್ಟಿ ಕಳಿಸುವವಳು,
ಇರ್ಮ್‌ಗಾರ್ಟ್, ಈ ಮೇಜಿನ ಮುಂದೆ ಮೂವತ್ತೆಂಟು ವರ್ಷ, ನಿಂತೇ.
ಕ್ನೋಶ್ ಕಂಪನಿಯ ಚರಿತ್ರೆ ಬೇಕೆಂದು
ಪೇಟೆಯ ಹುಡುಗ ಟೇಪು ತಿರುಗಿಸಿ ಕೂತಾಗ ಅಂದೆ:
ಏನು ಮಾರಿದೆವು ಅನ್ನೋದು ಇರಲಿ,
ಯಾವುದರಲ್ಲಿ ಸುತ್ತಿದೆವು, ಕೇಳು.

ಮೊದಲು ಪಾಚಿ. ತುರಿಂಗಿಯಾದ ಕಾಡಿನಲ್ಲಿ ಅದಕ್ಕೇನು ಬರ.
ಮುದುಕ ಓಟ್ಟೊಮಾರ್ ಕ್ನೋಶ್ ಬೆನ್ನಿಗೆ ಬುಟ್ಟಿ ಬಿಗಿದು
ಪಾಚಿಯ ನಡುವೆ ಥರ್ಮಾಮೀಟರುಗಳನ್ನು ಮಲಗಿಸಿ
ಯೇನಾದವರೆಗೂ ನಡೆಯುತ್ತಿದ್ದ, ಎರಡು ದಿನದ ದಾರಿ.
ಒಮ್ಮೆ ಹಿಮದಲ್ಲಿ ಜಾರಿದವನು
ಮೊದಲು ಬುಟ್ಟಿ ತಡವಿದ,
ಮೊಣಕೈ ಮುರಿದದ್ದು ಊರು ಮುಟ್ಟಿದ ಮೇಲೆ ಗೊತ್ತಾಯಿತಂತೆ.
ಮೊಮ್ಮಗಳು ಹಿಲ್ಡೆಗುಂಡ್ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ರೈಲು ಬಂತು, ಹುಲ್ಲು ಬಂತು.
ಆಮೇಲೆ ತೂಕಕ್ಕೆ ಕೊಂಡ ಹಳೇ ಪತ್ರಿಕೆ.
ದೊರೆಯ ಮೀಸೆಯೊಳಗೆ ಪಿಪೆಟ್ಟು,
ಸತ್ತ ಸಿಪಾಯಿಗಳ ಪಟ್ಟಿಯೊಳಗೆ ಪಿಪೆಟ್ಟು.
ಒಂದು ಚಳಿಗಾಲ ನೋಟುಗಳಲ್ಲೇ ಸುತ್ತಿದರಂತೆ,
ಪತ್ರಿಕೆಗಿಂತ ಅಗ್ಗ ಅಂತ.
ಮತ್ತೆ ಕೈ ಎತ್ತಿ ನಿಂತವರ ಚಿತ್ರಗಳು, ಪುಟ ಪುಟ,
ಅದರಲ್ಲೂ ಸುತ್ತಿದರು, ಗೆರೆ ತಪ್ಪದ ಹಾಗೆ.

'ಕ್ನೋಶ್ ಮತ್ತು ಮಗ' ಎಂದಿತ್ತು ಬೋರ್ಡು.
ಮಗ ವೋಲ್ಗಾದ ಕಡೆಯಿಂದ ಬರಲಿಲ್ಲ.
ಅಳಿಸಲು ಬಣ್ಣ ಸಿಗಲಿಲ್ಲ,
ಸಿಕ್ಕಾಗ ಮನಸ್ಸು ಬರಲಿಲ್ಲ.
ಎಪ್ಪತ್ತೆರಡರಲ್ಲಿ ಸರ್ಕಾರವೇ ಬಂದು ಇಳಿಸಿತು:
ಜನತೆಯ ಸ್ವಂತ ಉದ್ದಿಮೆ, ಪ್ರಯೋಗಾಲಯ ಗಾಜು, ಘಟಕ ನಾಲ್ಕು.
ಮಾರನೆಯ ಬೆಳಿಗ್ಗೆ ಹಾಜರಿ ಗಡಿಯಾರದ ಸಾಲಿನಲ್ಲಿ
ಹಿಲ್ಡೆಗುಂಡ್ ನನ್ನ ಹಿಂದೆ ನಿಂತಿದ್ದಳು,
ತಮ್ಮನ ಹಳೇ ಕೋಟು ತೊಟ್ಟು.
'ಮುಂದೆ ಹೋಗಿ' ಅಂದೆ.
'ಸಾಲು ಸಾಲೇ' ಅಂದಳು.

ಹುಡುಗ ಕೇಳಿದ: ಹಳೆಯ ಕ್ಯಾಟಲಾಗುಗಳಲ್ಲಿ
ನಾನೂರ ಹದಿನಾರು ಆದ ಮೇಲೆ
ನಾನೂರ ಹದಿನೆಂಟೇ ಇದೆಯಲ್ಲ, ಅಚ್ಚಿನ ತಪ್ಪೇ?

ಬ್ರೆಸ್ಲಾವಿನಲ್ಲಿ ಪೆರ್ಲೆಸ್ ಅಂತ ಒಬ್ಬಳು ಡಾಕ್ಟರು,
ಮಕ್ಕಳ ಹಾಲು ಪರೀಕ್ಷಿಸುವವಳು, ಎಡಚಿ.
ಬ್ಯೂರೆಟ್ಟಿನ ತಿರುಗಣಿ ಎದುರು ಬದಿಗೆ ಬೇಕೆಂದು ಬರೆದಿದ್ದಳು,
ಪುಟದಂಚಿನಲ್ಲಿ ಚಿತ್ರ ಬಿಡಿಸಿ, ಶಾಯಿ ಅಂಗೈಗೆ ಉಜ್ಜಿ ಕಲೆಯಾಗಿ.
ಅವಳಿಗೆಂದೇ ಒಂದು ನಂಬರು ಮಾಡಿದರು.
ವರ್ಷಕ್ಕೆರಡು ಹೋಗುತ್ತಿದ್ದವು.
ಮೂವತ್ತೆಂಟರ ಡಿಸೆಂಬರಿನಲ್ಲಿ ಪೆಟ್ಟಿಗೆ ಹಾಗೇ ತಿರುಗಿ ಬಂತು.
ನೇರಳೆ ಪೆನ್ಸಿಲಿನಲ್ಲಿ, ಅಂಚೆಯವನ ಚೊಕ್ಕ ಅಕ್ಷರ:
ಪಡೆಯುವವರಿಲ್ಲ. ಹೋದ ಕಡೆ ತಿಳಿಯದು.

ಮುದುಕ ಏನೂ ಅನ್ನಲಿಲ್ಲವಂತೆ. ಅದೇ ವರ್ಷ
ಸೈನ್ಯದ ಆಸ್ಪತ್ರೆಗಳ ದೊಡ್ಡ ಆರ್ಡರು ಹಿಡಿದ; ಅದನ್ನೂ ಬರಕೋ.
ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ನಂಬರನ್ನು ಮಾತ್ರ
ಇನ್ಯಾರಿಗೂ ಕೊಡಗೊಡಲಿಲ್ಲ.
ಘಟಕ ನಾಲ್ಕರವರೂ ಯಾಕೆಂದು ಕೇಳದೆ ಖಾಲಿ ಬಿಟ್ಟರು.

ಗೋಡೆ ಬಿದ್ದ ಮೇಲೆ ಹೈಲ್‌ಬ್ರಾನಿನವರು ಕೊಂಡರು.
ಒಳ್ಳೆಯವರೇ, ಮೊದಲ ದಿನ ಕೇಕು ತಂದರು.
ಗುಳ್ಳೆ ಪ್ಲಾಸ್ಟಿಕ್ಕು ಬಂತು, ಓದಲು ಏನೂ ಇಲ್ಲದ್ದು.
ಕಂಪ್ಯೂಟರಿಗೆ ಖಾಲಿ ನಂಬರು ಹಿಡಿಸುವುದಿಲ್ಲ ಅಂದರು;
ನಾನೂರ ಹದಿನೇಳು ಈಗ ರಬ್ಬರು ಬಿರಡೆ,
ನೂರರ ಕಟ್ಟು.

ಕೊನೆಯ ವಾರ ಅಟ್ಟ ಖಾಲಿ ಮಾಡಿಸಿದರು.
ಎಲ್ಲರೂ ಊಟಕ್ಕೆ ಹೋದಾಗ ಬಿಚ್ಚಿದೆ.
ಹುಲ್ಲಿಗೆ ಇನ್ನೂ ಹುಲ್ಲಿನದೇ ವಾಸನೆ.
ಕಾಗದ ಬಿಡಿಸುವಾಗ ಕಣ್ಣು ಬೇರೆ ಕಡೆ ಇಟ್ಟೆ,
ಆ ವಾರದ ಸುದ್ದಿ ನನಗೆ ಬೇಕಿರಲಿಲ್ಲ.
ಗಾಜಿನ ಮೇಲೆ ಸಣ್ಣಗೆ ಕೊರೆದಿತ್ತು: ಇಪ್ಪತ್ತು ಡಿಗ್ರಿಯಲ್ಲಿ ಐವತ್ತು ಮಿಲಿಲೀಟರು.
ಸ್ಟ್ಯಾಂಡಿಗೆ ಸಿಕ್ಕಿಸಿ ನೀರು ತುಂಬಿದೆ.
ತಿರುಗಣಿ ಕಚ್ಚಿಕೊಂಡಿತ್ತು, ಗ್ರೀಸು ಗಟ್ಟಿಯಾಗಿ.
ಅಂಗೈಯಲ್ಲಿ ಹಿಡಿದು ನಿಂತೆ, ಬಹಳ ಹೊತ್ತು,
ಮೊದಲು ಬಲಗೈ, ಆಮೇಲೆ ಎಡಗೈ.

ಈಗ ಎಲ್ಲಿದೆ ಅದು, ಹುಡುಗ ಕೇಳಿದ.
ಟೇಪು ನಿಲ್ಲಿಸು, ಅಂದೆ.